ಉಣ್ಣದ ಮಕ್ಕಳೂ ಮನೆಯ ಮೆಕರೋನಿಯೂ

ಉಪನ್ಯಾಸಗಳ ನಿಮಿತ್ತ ನಾವು ಊರೂರು ತಿರುಗುವಾಗ ಗೃಹಿಣಿಯರು ನಮ್ಮ ಮುಂದಿಡುವ ಪ್ರಶ್ನೆಗಳಲ್ಲಿ ತತ್ತ್ವದ ಪ್ರಶ್ನೆಗಳು ಕಡಿಮೆ. "ಮಗು ಉಣ್ಣುವುದಿಲ್ಲ, ಏನು ಮಾಡೋಣ?" ಎಂಬುದೇ ಹೆಚ್ಚು. ಪೋಥಿಗಳ ನಡುವೆ ಆಯುಷ್ಯ ಕಳೆದವರಿಗೆ ಈ ವಿಷಯದಲ್ಲಿ ಅಧಿಕಾರವಿಲ್ಲವೆಂದು ಹೇಳಿ ಜಾರಿಕೊಳ್ಳಬಹುದು. ಎಷ್ಟೋ ಸಲ ಹಾಗೆಯೇ ಮಾಡಿದ್ದೇವೆ. ಆದರೆ ಅದೇ ಪ್ರಶ್ನೆ ನಮ್ಮ ಮನೆಯೊಳಗೇ ಬಂದು ಕುಳಿತಾಗ ಜಾರಲು ಸ್ಥಳವಿರಲಿಲ್ಲ. ಆಗ ಕಂಡುಕೊಂಡ ನಾಲ್ಕು ಸಂಗತಿಗಳನ್ನು ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿದೆ.

2023ರ ಜೂನ್ ತಿಂಗಳಲ್ಲಿ ನಮ್ಮ ಅಳಿಯಂದಿರಿಗೆ ಹೊನ್ನಾವರಕ್ಕೆ ವರ್ಗವಾಯಿತು. ಧಾರವಾಡದ ಮನೆ ಬಿಟ್ಟು ಶರಾವತಿಯ ದಕ್ಷಿಣ ದಂಡೆಯ ಕಾಸರಕೋಡದಲ್ಲಿ ಬಾಡಿಗೆಯ ಮನೆ ಹಿಡಿದರು. ಗಾಳಿಮರದ ತೋಪು, ಮೀನುಗಾರರ ದೋಣಿಗಳು, 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಪಡೆದ ಕಡಲ ತೀರ. ಕಣ್ಣಿಗೆ ಹಬ್ಬವೇ ಸರಿ. ಹೊನ್ನಾವರದ ಎದುರಿನ ಸಮುದ್ರದಲ್ಲಿ ಕೆಳದಿಯರಸರ ಕೋಟೆಯುಳ್ಳ ಬಸವರಾಜದುರ್ಗವೆಂಬ ನಡುಗಡ್ಡೆಯೂ ಇದೆಯೆಂದು ತಿಳಿದು ನಮಗೆ ಉತ್ಸಾಹವಾಗಿತ್ತು. ಆದರೆ ಐದು ವರ್ಷದ ಮೊಮ್ಮಗನಿಗೆ ಇತಿಹಾಸದಿಂದ ಹೊಟ್ಟೆ ತುಂಬುವಂತಿರಲಿಲ್ಲ. ಅವನು ಮೊದಲಿನಿಂದಲೂ ಎರಡು ಮೂರು ಪದಾರ್ಥಗಳ ಹೊರತು ಮತ್ತೇನನ್ನೂ ಮುಟ್ಟದ ಹುಡುಗ: ಕಟಕ ಜೋಳದ ರೊಟ್ಟಿ, ಕೆನೆಮೊಸರು, ಒಣ ಶೇಂಗಾ ಚಟ್ನಿ. ಕರಾವಳಿಯ ಮಳೆಗಾಲದಲ್ಲಿ ಕಟಕ ರೊಟ್ಟಿ ಡಬ್ಬಿಯೊಳಗಿದ್ದರೂ ಒಂದು ಹಗಲಿನಲ್ಲಿ ಹಸಿ ಬಟ್ಟೆಯಂತೆ ಮೆತ್ತಗಾಗುತ್ತದೆ. ಹುಡುಗ ಅದನ್ನು ಬಾಯಿಗಿಟ್ಟು ತೆಗೆದ. ಆಮೇಲೆ ಮೊಸರೂ ಬೇಡವಾಯಿತು. ಸೆಪ್ಟೆಂಬರ್ ಹೊತ್ತಿಗೆ ಹದಿನಾರೂವರೆ ಕಿಲೋ ಇದ್ದ ತೂಕ ಹದಿನೈದಕ್ಕೆ ಇಳಿದಿತ್ತು. ಬೆಳೆಯಬೇಕಾದ ವಯಸ್ಸಿನಲ್ಲಿ ಕರಗುವುದೆಂದರೆ ಅದು ಹುಡುಗಾಟದ ಮಾತಲ್ಲ. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ರೋಗವೇನೂ ಇಲ್ಲವೆಂದರು. ರೋಗವಿಲ್ಲವೆಂಬ ಮಾತು ಕೇಳಿ ತಾಯಿಗೆ ಸಮಾಧಾನವಾಗುವ ಬದಲು ದುಃಖವೇ ಹೆಚ್ಚಿತು. ರೋಗವಿದ್ದರೆ ಔಷಧವಾದರೂ ಇರುತ್ತಿತ್ತು.

ನಾವು ಹೋಗಿ ನೋಡಿದಾಗ ಊಟದ ಹೊತ್ತು ಆ ಮನೆಯಲ್ಲಿ ನ್ಯಾಯಾಲಯವಾಗಿತ್ತು. ತಂದೆ ಗದರುವುದು, ತಾಯಿ ಮೊಬೈಲು ತೋರಿಸಿ ತುತ್ತು ತುರುಕುವುದು, ಅಜ್ಜಿ ಗುಮ್ಮನನ್ನು ಕರೆಯುವುದು, ಒಂಬತ್ತು ವರ್ಷದ ಅಕ್ಕ ಸಾಕ್ಷಿ ಹೇಳುವುದು. ಎಲ್ಲರ ಕಣ್ಣೂ ಆ ಪುಟ್ಟ ಬಾಯಿಯ ಮೇಲೆ. ಬಂಧುಗಳೊಬ್ಬರು ದೂರವಾಣಿಯಲ್ಲಿ, "ಎರಡು ತಿಂಗಳು ಮಠದ ಪ್ರಸಾದ ನಿಲಯದಲ್ಲಿ ಬಿಡಿ, ಕಲ್ಲು ಕೊಟ್ಟರೂ ಉಣ್ಣುತ್ತಾನೆ" ಎಂದರು. ಪ್ರಸಾದ ನಿಲಯದಲ್ಲಿ ಬೆಳೆದ ನಮಗೆ ಈ ಮಾತು ಹಿಡಿಸಲಿಲ್ಲ. ಅಲ್ಲಿಯೂ ತಿನ್ನದ ಹುಡುಗರಿದ್ದರು. ಮುದ್ದೆಯನ್ನು ಪಕ್ಕದವನ ತಟ್ಟೆಗೆ ದಾಟಿಸುವ ವಿದ್ಯೆಯಲ್ಲಿ ಪಾರಂಗತರಾದವರನ್ನು ನಾವು ಬಲ್ಲೆವು. ಅಲ್ಲಿ ಕೆಲಸ ಮಾಡುತ್ತಿದ್ದುದು ಹಸಿವಿನ ಭಯವಲ್ಲ. ಗಂಟೆ ಬಾರಿಸಿದ ಹೊತ್ತಿಗೆ ಊಟ, ಪಂಕ್ತಿಗೆಲ್ಲ ಒಂದೇ ಅಡುಗೆ, ಮತ್ತು ಮುಖ್ಯವಾಗಿ ನಿನ್ನ ಬಾಯನ್ನೇ ನೋಡುತ್ತ ಯಾರೂ ಎದುರಿಗೆ ಕುಳಿತಿರುವುದಿಲ್ಲ. ಈ ಮೂರನ್ನು ಮನೆಯಲ್ಲಿಯೇ ಏರ್ಪಡಿಸಬಹುದು. ಅದಕ್ಕೆ ಮಗುವನ್ನು ಮನೆಯಿಂದ ಹೊರಗೆ ಹಾಕಬೇಕಿಲ್ಲ. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಎಂಬವರು 1980ರ ದಶಕದಿಂದ ಹೇಳುತ್ತ ಬಂದುದೂ ಇದೇ ಧಾಟಿಯದು: ಏನು, ಯಾವಾಗ, ಎಲ್ಲಿ ಎಂಬುದನ್ನು ಹಿರಿಯರು ನಿಶ್ಚಯಿಸಲಿ, ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿಗೆ ಬಿಟ್ಟದ್ದು.

ಇಷ್ಟರಲ್ಲಿ ಹುಡುಗನೇ ಒಂದು ದಾರಿ ತೋರಿಸಿದ. ಸಹಪಾಠಿಯ ಹುಟ್ಟುಹಬ್ಬಕ್ಕೆ ಹೋದವನು ಮನೆಗೆ ಬಂದು, "ಕೊಳವಿ ಶ್ಯಾವಿಗೆ ತಿಂದೆ, ಚೀಸು ಹಾಕಿದ್ದರು" ಎಂದ. ಎಷ್ಟು ತಿಂಗಳ ಮೇಲೆ ಅವನ ಬಾಯಿಂದ 'ತಿಂದೆ' ಎಂಬ ಕ್ರಿಯಾಪದ ಹೊರಟಿತ್ತು! ಮರುದಿನವೇ ತಾಯಿ ಅಂಗಡಿಯಿಂದ ಪೊಟ್ಟಣ ತಂದು ಬೇಯಿಸಿದಳು. ಹಳದಿ ಪುಡಿಯ ಆ ತಿನಿಸನ್ನು ಅವನು ಮೂಸಿ ನೋಡಿ ದೂರ ಸರಿಸಿದ. "ಇದು ಅದಲ್ಲ." ಇಂಥ ಮಕ್ಕಳ ದೃಷ್ಟಿ ಅಕ್ಕಸಾಲಿಗನ ಒರೆಗಲ್ಲಿನಷ್ಟು ಸೂಕ್ಷ್ಮ. ಅವರು ಹೆದರುವುದು ರುಚಿಗಿಂತ ಅನಿರೀಕ್ಷಿತಕ್ಕೆ. ಅಮೆರಿಕದಲ್ಲಿ 1937ರಲ್ಲಿ ಕ್ರಾಫ್ಟ್ ಕಂಪನಿಯವರು ಮೆಕರೋನಿ ಮತ್ತು ಚೀಸಿನ ಪೆಟ್ಟಿಗೆಯನ್ನು 19 ಸೆಂಟಿಗೆ ನಾಲ್ವರ ಊಟವೆಂದು ಮಾರಲಾರಂಭಿಸಿದರು. ಅದು ಅಗ್ಗವೆಂದು ತಾಯಂದಿರು ಕೊಂಡಿರಬಹುದು. ನಿನ್ನೆಯಂತೆಯೇ ಇಂದೂ ಇರುತ್ತದೆಂಬುದಕ್ಕೇ ಮಕ್ಕಳು ಒಲಿದರೆಂದು ನಮ್ಮ ಊಹೆ. ಹೊಸದಕ್ಕೆ ಮುಖ ತಿರುವುವುದು ಮಕ್ಕಳ ಗುಣವೇ ಎಂದೂ ತಿಳಿಯಬೇಕಾಗಿಲ್ಲ. 1802ರಲ್ಲಿ ಅಧ್ಯಕ್ಷ ಜೆಫರ್‌ಸನ್ನರ ಔತಣದಲ್ಲಿ ಇದೇ ಮೆಕರೋನಿಯನ್ನು ಉಂಡ ಅತಿಥಿಯೊಬ್ಬರು ತಮ್ಮ ದಿನಚರಿಯಲ್ಲಿ ಅದು ಹಿತವಾಗಲಿಲ್ಲವೆಂದು ಬರೆದಿಟ್ಟರು. ಅವರು ಪಾದ್ರಿಗಳು, ಶಾಸನಸಭೆಯ ಸದಸ್ಯರು, ವಯಸ್ಸು ಐವತ್ತೊಂಬತ್ತು.

ಮನೆಯಲ್ಲಿಯೇ ಮಾಡೋಣವೆಂದಾಗ ನಮ್ಮವರಿಗೆ ಒಂದು ಶಂಕೆ ಬಂದಿತು. ಅದು ಯೋಗ್ಯವಾದ ಶಂಕೆಯೇ. ಚೀಸು ಸಸ್ಯಾಹಾರವೇ? ಹಾಲನ್ನು ಚೀಸಾಗಿ ಹೆಪ್ಪುಗಟ್ಟಿಸಲು ಪರಂಪರೆಯಿಂದ ಬಳಸುತ್ತಿದ್ದ ರೆನೆಟ್ ಎಂಬ ದ್ರವ್ಯ ಎಳೆಗರುವಿನ ಜಠರದಿಂದ ತೆಗೆದದ್ದು. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಎಂಬ ಪ್ರಸಿದ್ಧ ಚೀಸಿಗೆ ಇಂದಿಗೂ ಅದೇ ಕಡ್ಡಾಯ. ಅದು ನಮ್ಮ ಮನೆಗಳಿಗೆ ಹೊಂದುವಂಥದಲ್ಲ. ಆದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಗಳಿಂದ ಪಡೆಯುವ ರೆನೆಟ್ ಬಹು ಹಿಂದೆಯೇ ಬಳಕೆಗೆ ಬಂದಿದೆ. ಹುದುಗುವಿಕೆಯಿಂದ ತಯಾರಿಸಿದ ಕೈಮೋಸಿನ್ ಎಂಬ ದ್ರವ್ಯಕ್ಕೆ 1990ರಲ್ಲಿ ಅಮೆರಿಕದ ಸರಕಾರ ಒಪ್ಪಿಗೆಯಿತ್ತಿತು. ನಮ್ಮ ದೇಶದ ಪೊಟ್ಟಣಗಳ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಾಕು. ತಾಯಂದಿರು ಬೆಲೆ ನೋಡುವ ಮೊದಲು ಅದನ್ನು ನೋಡಲಿ.

"ಪನೀರು ಹಾಕಿದರಾಗದೇ?" ಎಂದು ಕೇಳುವವರುಂಟು. ಆಗದು. ನಿಂಬೆಹುಳಿಯಿಂದ ಒಡೆದ ಹಾಲಿನ ಗಟ್ಟಿ ಕಾವಿಗೆ ಕರಗುವುದಿಲ್ಲ. ನೀರು ಬಿಟ್ಟು ಇನ್ನಷ್ಟು ಬಿರುಸಾಗುತ್ತದೆ. ರೆನೆಟ್‌ನಿಂದ ಕೂಡಿಕೊಂಡ ಚೀಸು ಮಾತ್ರ ಹದವಾಗಿ ಹರಿಯುತ್ತದೆ. ಪ್ರಸಂಗವಶಾತ್ ಇನ್ನೊಂದು ಮಾತು: ನಮ್ಮ ನಿಘಂಟುಗಳಲ್ಲಿ ಚೀಸಿಗೆ 'ಗಿಣ್ಣು' ಎಂಬ ಅರ್ಥ ಕೊಟ್ಟಿರುವುದು ನಮಗೆ ಒಪ್ಪಿಗೆಯಿಲ್ಲ. ಗಿಣ್ಣು ಈದ ಹಸುವಿನ ಮೊದಲ ಹಾಲು, ಬರೀ ಕಾವಿಗೇ ಗಟ್ಟಿಯಾಗುವಂಥದು. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಗಿಣ್ಣಿಗೂ ಅನ್ಯಾಯ, ಚೀಸಿಗೂ ಅನ್ಯಾಯ.

ಮೆಕರೋನಿಯೇನೂ ನಮಗೆ ಪರಕೀಯವಲ್ಲ. ಅದಕ್ಕೆ ಬೇಕಾದ ಗಟ್ಟಿಗೋದಿಯ ಜಾತಿ ನಮ್ಮ ಉತ್ತರ ಕರ್ನಾಟಕದ ಎರೆನೆಲದಲ್ಲಿ ಬೆಳೆಯುತ್ತದೆ. ಅದರ ರವೆಯೇ ಅಂಗಡಿಯ ಬನ್ಸಿ ರವೆ. ಧಾರವಾಡದ ಕಡೆ ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಜ್ಜಿಯರು ಪಡಸಾಲೆಯಲ್ಲಿ ಕುಳಿತು ಜೀರಿಗೆಯಷ್ಟು ಸಣ್ಣ ಗವಲಿ ಹೊಸೆಯುವುದನ್ನು ನೋಡಿದವರಿಗೆ ಇಟಲಿಯ ವಿದ್ಯೆಯ ಬಗೆಗೆ ಬೆರಗಾಗಬೇಕಿಲ್ಲ. ಒಣ ಹವೆಯ ನಾಡಿನಲ್ಲಿ ಗೋದಿಯ ಶ್ಯಾವಿಗೆಯನ್ನು ಬಿಸಿಲಿಗೆ ಹರವಿ ವರ್ಷಕ್ಕಾಗುವಷ್ಟು ಕಟ್ಟಿಡುತ್ತಾರೆ. ತೇವದ ಕರಾವಳಿಯಲ್ಲಿ ಒಣಗಿಸುವ ಮಾತೇ ಇಲ್ಲ. ಅಕ್ಕಿಹಿಟ್ಟನ್ನು ಬೇಯಿಸಿ ಬಿಸಿಬಿಸಿಯಾಗಿ ಮಣೆಯಲ್ಲಿ ಒತ್ತಿ ಆ ಹೊತ್ತಿಗೇ ಉಣ್ಣುತ್ತಾರೆ. ಹವೆ ಕಲಿಸಿದ ಅಡುಗೆಗಳಿವು. ಕಾಸರಕೋಡದ ಮಳೆಗಾಲದಲ್ಲಿ ಮಾಡುವ ಮೆಕರೋನಿಯೂ ಅದೇ ಕ್ರಮದಲ್ಲಿ ಹಸಿಯಾಗಿಯೇ ನೀರಿಗೆ ಬೀಳಬೇಕು.

ಒಂದು ಭಾನುವಾರ ಮಕ್ಕಳಿಬ್ಬರನ್ನೂ ಅಡುಗೆಮನೆಯ ನೆಲದ ಮೇಲೆ ಕೂರಿಸಿದೆವು. ಇನ್ನೂರು ಗ್ರಾಂ ಬನ್ಸಿ ರವೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಸುಮಾರು ನೂರು ಮಿಲಿಲೀಟರ್ ಬೆಚ್ಚನೆಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕೂಡಿಸಿ ಹತ್ತು ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಇಟ್ಟರು. ಚಪಾತಿಯ ಹಿಟ್ಟಿಗಿಂತ ಇದು ಬಿರುಸು; ಮಕ್ಕಳ ಕೈಗೆ ದಣಿವಾಗುತ್ತದೆ, ಆಗಲಿ. ಹೊಸೆದ ಎಳೆಯನ್ನು ಬೆರಳಿನ ಗೆಣ್ಣಿನಷ್ಟುದ್ದ ಕತ್ತರಿಸಿ, ಹೆಣಿಗೆಯ ಕಡ್ಡಿಯನ್ನು ಅದರ ಮೇಲೆ ಒತ್ತಿ ಉರುಳಿಸಿದರೆ ಹಿಟ್ಟು ಕಡ್ಡಿಯನ್ನು ಸುತ್ತಿಕೊಳ್ಳುತ್ತದೆ, ಎಳೆದರೆ ಕೊಳವಿ. ದಕ್ಷಿಣ ಇಟಲಿಯ ಹಳ್ಳಿಗಳಲ್ಲಿ ಕಬ್ಬಿಣದ ಕಡ್ಡಿಯಿಂದ ಹೀಗೆಯೇ ಮಾಡುತ್ತಾರೆ. ಹುಡುಗ ಮೊದಲ ಗಂಟೆಯಲ್ಲಿ ಏಳು ಕೊಳವಿ ಮಾಡಿದ. ಅವುಗಳಲ್ಲಿ ಐದಕ್ಕೆ ತೂತಿರಲಿಲ್ಲ.

ಸಾರವಿರುವುದು ಬಿಳಿಯ ಗೊಜ್ಜಿನಲ್ಲಿ. ಇಪ್ಪತ್ತೈದು ಗ್ರಾಂ ಬೆಣ್ಣೆ ಕರಗಿಸಿ ಎರಡು ದೊಡ್ಡ ಚಮಚ ಮೈದಾ ಹಾಕಿ, ಹಸಿ ವಾಸನೆ ಹೋಗುವವರೆಗೆ ಸಣ್ಣ ಉರಿಯಲ್ಲಿ ಹುರಿಯಬೇಕು; ಕೆಂಪಾಗಬಾರದು. ಅರ್ಧ ಲೀಟರ್ ಹಾಲನ್ನು ತೆಳುಧಾರೆಯಾಗಿ ಹೊಯ್ಯುತ್ತ, ಕೈಬಿಡದೆ ತಿರುವುತ್ತಿದ್ದರೆ ಗಂಟಾಗದೆ ಚಮಚದ ಬೆನ್ನಿಗೆ ಅಂಟುವ ಹದಕ್ಕೆ ಬರುತ್ತದೆ. ಆಮೇಲೆ ಪಾತ್ರೆಯನ್ನು ಒಲೆಯಿಂದ ಇಳಿಸಿಯೇ ತುರಿದ ಚೀಸು ನೂರೈವತ್ತು ಗ್ರಾಂ ಕೂಡಿಸಬೇಕು. ಇಳಿಸದೆ ಕುದಿಸಿದರೆ ಚೀಸಿನ ಜಿಡ್ಡು ಒಂದೆಡೆ, ಎಳೆಯೊಂದೆಡೆ ಆಗಿ ಮರಳು ಮರಳಾಗುತ್ತದೆ. ಮೈದಾದ ಪಿಷ್ಟ ಎರಡನ್ನೂ ಕೂಡಿಸಿಡುವ ಮಧ್ಯಸ್ಥ; ಆದರೆ ಅವನ ಸಹನೆಗೂ ಮಿತಿಯುಂಟು. ಚಿಟಿಕೆ ಉಪ್ಪು, ಎಳ್ಳಷ್ಟು ಜಾಯಿಕಾಯಿಯ ಪುಡಿ. ಜಾಯಿಕಾಯಿ ಈ ಜಿಲ್ಲೆಯ ಅಡಿಕೆತೋಟಗಳದೇ ಬೆಳೆ. ಹಾಲಿನ ಭಾರವನ್ನು ಹಗುರ ಮಾಡುತ್ತದೆ. ಕೊಳವಿಗಳನ್ನು ಉಪ್ಪುನೀರಿನಲ್ಲಿ ನಾಲ್ಕೈದು ನಿಮಿಷ ಬೇಯಿಸಿ, ಬಸಿದು, ಆ ನೀರನ್ನು ಒಂದು ಲೋಟ ತೆಗೆದಿರಿಸಿ ಗೊಜ್ಜಿಗೆ ಕೂಡಿಸುವುದು. ಗಟ್ಟಿಯೆನಿಸಿದರೆ ಅದೇ ನೀರು.

ಬಡಿಸುವಾಗ ಒಂದು ನಿಯಮ ಮಾಡಿದೆವು: ಎಲ್ಲರ ತಟ್ಟೆಗೂ ಅದೇ, ಅದರ ಜೊತೆಗೆ ಹಿರಿಯರ ಅನ್ನ-ಸಾರು, ಹುಡುಗನ ತಟ್ಟೆಯತ್ತ ಯಾರೂ ನೋಡಕೂಡದು, ಹೊಗಳಕೂಡದು. ಎಲ್ಲಕ್ಕಿಂತ ಕಠಿಣವಾದದ್ದು ಕೊನೆಯದು. ಅಜ್ಜಿಗೆ ತುಟಿ ಬಿಗಿಹಿಡಿಯುವುದು ತಪಸ್ಸಿಗೆ ಸಮವಾಯಿತು. ಹುಡುಗ ಗೊಜ್ಜನ್ನು ಒರೆಸಿ ತೆಗೆದು ತಾನು ಮಾಡಿದ ಎರಡು ತೂತುಳ್ಳ ಕೊಳವಿಗಳನ್ನು ಮಾತ್ರ ತಿಂದ. ಮುಂದಿನ ವಾರ ಹತ್ತು ಕೊಳವಿ. ಲಿಯಾನ್ ಬರ್ಚ್ ಎಂಬ ವಿದುಷಿ 1982ರಲ್ಲಿ ಎರಡು ವರ್ಷದ ಮಕ್ಕಳಿಗೆ ಹೊಸ ಬಗೆಯ ಚೀಸುಗಳನ್ನು ಮತ್ತೆ ಮತ್ತೆ ಕೊಟ್ಟು ನೋಡಿ, ಹೆಚ್ಚು ಸಲ ರುಚಿ ನೋಡಿದ್ದೇ ಹೆಚ್ಚು ಮೆಚ್ಚುಗೆಯಾಯಿತೆಂದು ತೋರಿಸಿದರು. ನಮ್ಮ ಮನೆಗಳಲ್ಲಿ ಮೂರು ಸಲ ಕೊಟ್ಟು "ಅವನಿಗೆ ಸೇರುವುದಿಲ್ಲ" ಎಂದು ತೀರ್ಪು ಬರೆದುಬಿಡುತ್ತೇವೆ. ಹತ್ತು ಹದಿನೈದು ಸಲದ ಮಾತು ಅದು. ಆರನೆಯ ಭಾನುವಾರ ಅವನು ಗೊಜ್ಜನ್ನು ಬೆರಳಿನಿಂದ ನೆಕ್ಕಿದ. ಯಾರೂ ಏನೂ ಹೇಳಲಿಲ್ಲ. ಮಗಳು ಮಾತ್ರ ಎದ್ದು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತಿನ ಮೇಲೆ ಬಂದಳು.

ದಿನವೂ ಇದನ್ನೇ ಮಾಡಬಾರದು. ಬೆಣ್ಣೆ, ಚೀಸು, ಉಪ್ಪು ಮೂರೂ ಭಾರವಾದವು, ವಾರಕ್ಕೊಮ್ಮೆ ಸಾಕು. ಗೊಜ್ಜು ಸಲುವಳಿಯಾದ ಮೇಲೆ ಬೇಯಿಸಿದ ಕುಂಬಳವನ್ನು ಅವನ ಕಣ್ಣೆದುರಿಗೇ ಅರೆದು ಕೂಡಿಸಿದೆವು. ಕದ್ದು ಹಾಕುವುದು ನಮಗೆ ಸಮ್ಮತವಲ್ಲ. ಒಮ್ಮೆ ಸಿಕ್ಕಿಬಿದ್ದರೆ ಇದ್ದ ವಿಶ್ವಾಸವೂ ಹೋಗುತ್ತದೆ. ಮುಂದಿನ ಮಾರ್ಚಿನಲ್ಲಿ ತೂಕ ಹದಿನೇಳು ಕಿಲೋ ತೋರಿಸಿತು.

ಕೊಳವಿಗಳ ಸುದ್ದಿ ಕೇಳಿದ ಪಕ್ಕದ ಮನೆಯ ಮೀನುಗಾರ ತಾಯಿಯೊಬ್ಬರು ತಮ್ಮ ಒತ್ತುಶ್ಯಾವಿಗೆಯ ಮಣೆಯನ್ನು ಎರವಲು ಕೊಟ್ಟು, ತಾವೇ ಬಂದು ಒತ್ತುವ ಬಗೆ ತೋರಿಸಿದರು. ಅಂದು ಹುಡುಗ ಮಣೆಯ ಹಿಡಿಕೆಗೆ ಜೋತುಬಿದ್ದು ಒತ್ತಿದ; ತೆಂಗಿನ ಹಾಲು, ಬೆಲ್ಲದ ಜೊತೆ ಎರಡು ಉಂಡೆ ಶ್ಯಾವಿಗೆ ಉಂಡ. ಬದನೆಕಾಯಿಯನ್ನು ಇನ್ನೂ ಮುಟ್ಟಿಲ್ಲ.