ಚೀಲದಲ್ಲಿ ಬಂದ ಧ್ವನಿ

ಹರಿಹರದ ಮನೆಯ ಹಳೆಯ ಕಂಪ್ಯೂಟರಿನಲ್ಲಿ, ತೀರಿಕೊಂಡ ತಂದೆಯವರ ಧ್ವನಿಯಿತ್ತು: ಹರಿಹರೇಶ್ವರ ದೇಗುಲದ ಶಾಸನಗಳನ್ನು ಓದಿದ ಎಂಟು ಗಿಗಾಬೈಟು. ಕನ್ನಡದ ಮೇಷ್ಟರಿಗೇಕೆ ಈ ಲೆಕ್ಕವೆಂದು ನಗಬೇಡಿ. ಅದರ ಐಡಿಇ ಡಿಸ್ಕಿನ ಅಗಲಪಟ್ಟಿಯ ಕೇಬಲ್ಲು ಸೆಕೆಂಡಿಗೆ 100 ಮೆಗಾಬೈಟು ಸಾಗಿಸಬಲ್ಲುದು. ಅನಂತರದ ಸಾಟಾ, 150. ಅಂತರವೇನು ಮಹಾ! ಆದರೆ ಹೊರಬರುವ ಬಾಗಿಲು ಯುಎಸ್‌ಬಿ 1.1, ಒಂದೂವರೆ ಮೆಗಾಬೈಟೂ ದಾಟದು. ಪೆನ್‌ಡ್ರೈವಿಗೆ ನಕಲಿಸತೊಡಗಿ ಒಂದು ತಾಸಾದರೂ ಅರ್ಧವಾಗಲಿಲ್ಲ. ಅಷ್ಟರಲ್ಲಿ ಡಿಸ್ಕು ಕಟಕಟನೆ ಸದ್ದುಮಾಡಿತು. ನನ್ನೆದೆ ನಡುಗಿತು. ಕೂಡಲೆ ಯಂತ್ರವನ್ನು ನಿಲ್ಲಿಸಿ, ಡಿಸ್ಕನ್ನೇ ಬಿಚ್ಚಿ, ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ದಾವಣಗೆರೆಯ ಬಸ್ಸು ಹತ್ತಿದೆ. ಮನೆಯಲ್ಲಿ ಯುಎಸ್‌ಬಿ 2.0 ಅಡಾಪ್ಟರಿಗೆ ಜೋಡಿಸಿದೆ. ಐದಾರು ನಿಮಿಷ, ಅಷ್ಟೆ. ಒಂದು ಕಡತ ಮಾತ್ರ ತೆರೆಯಲಿಲ್ಲ.

ರಾತ್ರಿ ಅಮ್ಮನ ಫೋನು ಬಂತು: "ಬಂದ್ರೇನೋ ನಿಮ್ಮಪ್ಪ?"