ಧ್ರುವದ ಇರುಳಲ್ಲಿ ನೆರಳುಗಳ ಲೆಕ್ಕ

ಜೂನ್ ತಿಂಗಳು, ದಕ್ಷಿಣ ಧ್ರುವ. ಮಾರ್ಚಿನಲ್ಲಿ ಮುಳುಗಿದ ಸೂರ್ಯ ಇನ್ನು ಹುಟ್ಟುವುದು ಸೆಪ್ಟೆಂಬರಿನಲ್ಲಿ. ಅಮುಂಡ್‌ಸೆನ್-ಸ್ಕಾಟ್ ಕೇಂದ್ರದ ಬಾಗಿಲು ದೂಡಿ ಹೊರಗೆ ಕಾಲಿಡುತ್ತೀರಿ. ಮೈನಸ್ 60 ಡಿಗ್ರಿ. ಬಿಟ್ಟ ಉಸಿರು ಮುಖವಸ್ತ್ರದ ಮೇಲೆ ಹೆಪ್ಪುಗಟ್ಟುತ್ತದೆ, ಕಣ್ಣೆವೆಗಳು ಒಂದಕ್ಕೊಂದು ಅಂಟುತ್ತವೆ. ಹಚ್ಚುವುದಾದರೆ ಕೆಂಪು ಟಾರ್ಚನ್ನೇ ಹಚ್ಚಬೇಕು; ಬಿಳಿ ಬೆಳಕು ಇಲ್ಲಿನ ಅರೋರಾ ಕ್ಯಾಮೆರಾಗಳ ಚಿತ್ರಗಳನ್ನು ಕೆಡಿಸುತ್ತದೆ. ಹಿಮದಲ್ಲಿ ನೆಟ್ಟ ಬಾವುಟಗಳ ಸಾಲು ಹಿಡಿದು ಸುಮಾರು ಒಂದು ಕಿಲೋಮೀಟರ್ ನಡೆಯಿರಿ. ತಲೆಯ ಮೇಲೆ ನಕ್ಷತ್ರಗಳು ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಸುಮ್ಮನೆ ಸುತ್ತು ಹಾಕುತ್ತಿವೆ.

ಎದುರಿಗೆ ನಿಂತಿರುವುದು ಸೌತ್ ಪೋಲ್ ಟೆಲಿಸ್ಕೋಪ್. 10 ಮೀಟರ್ ಅಗಲದ ಡಿಶ್ ಎಡಕ್ಕೂ ಬಲಕ್ಕೂ ನಿಧಾನವಾಗಿ ಹೊರಳುತ್ತ ಒಂದೇ ತುಂಡು ಆಕಾಶವನ್ನು ಮತ್ತೆ ಮತ್ತೆ ಸವರುತ್ತಿದೆ. 2007ರಿಂದ ಅದರ ಕೆಲಸ ಇದೇ. ಅದು ಹಿಡಿಯುವ ಮಿಲಿಮೀಟರ್ ಅಲೆಗಳನ್ನು ಗಾಳಿಯ ನೀರಾವಿ ನುಂಗಿಬಿಡುತ್ತದೆ. ಸಮುದ್ರಮಟ್ಟದಿಂದ 2,800 ಮೀಟರ್ ಎತ್ತರದ ಈ ಚಳಿಯಲ್ಲಿ ನೀರಾವಿ ಇಲ್ಲವೆನ್ನುವಷ್ಟು ಕಡಿಮೆ. ಚಳಿಗಾಲವಿಡೀ ಇದನ್ನು ನೋಡಿಕೊಳ್ಳುವವರು ಇಬ್ಬರೇ.

ಒಳಗೆ ಬನ್ನಿ, ಕೈಗವಸು ಕಳಚಿ. ಪರದೆಯ ಮೇಲಿರುವುದು ವರ್ಷಗಟ್ಟಲೆ ಕೂಡಿಸಿದ ನಕ್ಷೆ: ವಿಶ್ವಕ್ಕೆ 3,80,000 ವರ್ಷವಾಗಿದ್ದಾಗ ಹೊರಟ ಬೆಳಕಿನ ಕಲೆಕಲೆಯ ಚಿತ್ರ. ಅದರ ನಡುವೆ ಒಂದು ಚಿಕ್ಕ ಕಪ್ಪು ಚುಕ್ಕೆ. 150 ಗಿಗಾಹರ್ಟ್ಸ್‌ನ ನಕ್ಷೆಯಲ್ಲಿ ಇದೆ. 220ರ ನಕ್ಷೆ ತೆರೆದರೆ ಮಾಯ. ಮೈ ಜುಮ್ಮೆನ್ನುವ ಗಳಿಗೆ ಇದು. ನೀವು ಕಂಡದ್ದು ಗೆಲಾಕ್ಸಿ ಗುಚ್ಛವೊಂದರ ನೆರಳು. ಗುಚ್ಛದೊಳಗೆ ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲವಿದೆ. ಆ ಹಳೆಯ ಬೆಳಕು ಅದನ್ನು ಹಾಯುವಾಗ ಎಲೆಕ್ಟ್ರಾನುಗಳು ಕೆಲವು ಫೋಟಾನುಗಳಿಗೆ ಶಕ್ತಿ ಕೊಟ್ಟು ಮೇಲಿನ ಆವರ್ತಾಂಕಕ್ಕೆ ದಾಟಿಸುತ್ತವೆ; ಕೆಳಗೆ ಕೊರತೆ ಬೀಳುತ್ತದೆ. ಇದನ್ನು ಮೊದಲೇ ಲೆಕ್ಕಹಾಕಿ ಹೇಳಿದವರು ಸೋವಿಯತ್ ವಿಜ್ಞಾನಿಗಳಾದ ಸುನ್ಯಾಯೆವ್ ಮತ್ತು ಝೆಲ್ಡೊವಿಚ್. ಈ ನೆರಳಿನ ಗಾಢತೆ ದೂರ ಹೆಚ್ಚಿದಂತೆ ಕುಂದುವುದಿಲ್ಲ. ನನ್ನನ್ನು ಎಂದಿಗೂ ಬೆರಗುಗೊಳಿಸುವ ಸಂಗತಿ ಅದು.

ಇಂಥ ಗುಚ್ಛಗಳನ್ನು ಎಣಿಸುವುದೇಕೆ? ಗುರುತ್ವ ದ್ರವ್ಯವನ್ನು ಒಟ್ಟುಗೂಡಿಸಿ ಗುಚ್ಛ ಕಟ್ಟುತ್ತದೆ, ವಿಶ್ವವನ್ನು ಹಿಗ್ಗಿಸುವ ಕೃಷ್ಣಶಕ್ತಿ (ಡಾರ್ಕ್ ಎನರ್ಜಿ) ಅದಕ್ಕೆ ಅಡ್ಡಬರುತ್ತದೆ. ಯಾವ ಕಾಲದಲ್ಲಿ ಎಷ್ಟು ಭಾರದ ಗುಚ್ಛಗಳು ಎಷ್ಟಿದ್ದವೆಂದು ತಿಳಿದರೆ ಈ ಎಳೆದಾಟದಲ್ಲಿ ಯಾರ ಬಲ ಎಷ್ಟೆಂದು ಗೊತ್ತಾಗುತ್ತದೆ. ಕಷ್ಟವಿರುವುದು ತೂಗುವುದರಲ್ಲಿ. ಅದಕ್ಕೆ ಚಿಲಿಯ ಡಾರ್ಕ್ ಎನರ್ಜಿ ಕ್ಯಾಮೆರಾ ಮತ್ತು ಹಬಲ್ ಬಾಹ್ಯಾಕಾಶ ದೂರದರ್ಶಕ ನೆರವಿಗೆ ಬಂದವು: ಗುಚ್ಛದ ಗುರುತ್ವದಿಂದ ಅದರ ಹಿಂದಿರುವ ಗೆಲಾಕ್ಸಿಗಳ ಆಕಾರ ಎಷ್ಟು ಸೊಟ್ಟಗಾಗಿ ಕಾಣುತ್ತದೆ ಎಂಬುದರಿಂದ ಭಾರ ಸಿಗುತ್ತದೆ.

2024ರಲ್ಲಿ ಪ್ರಕಟವಾದ ಲೆಕ್ಕಕ್ಕೆ ಸಿಕ್ಕ ಗುಚ್ಛಗಳು 1,005. ವಿಶ್ವದಲ್ಲಿ ದ್ರವ್ಯದ ಪಾಲು ಶೇಕಡಾ 29ರ ಆಸುಪಾಸು ಎಂದಿತು ಅದು. ವಿಶ್ವದ ಎಳೆತನದ ಬೆಳಕನ್ನು ಓದಿದ ಪ್ಲಾಂಕ್ ಉಪಗ್ರಹದ ಉತ್ತರಕ್ಕೂ ಇದಕ್ಕೂ ಜಗಳವಿಲ್ಲ.