ಪಾಟ್ಸ್‌ಡಾಮಿನ ದುಂಡು ಮೇಜು

ಹತ್ತನೆಯ ತರಗತಿಯಲ್ಲಿ ಪರಮಾಣು ಶಕ್ತಿಯ ಪಾಠ ಬಂದಾಗಲೆಲ್ಲ ಒಬ್ಬ ಹುಡುಗನಾದರೂ ಆ ಪ್ರಶ್ನೆ ಕೇಳುತ್ತಾನೆ: 'ಸರ್, ಅಮೆರಿಕ ಮಾಡಿದ ಬಾಂಬು ರಷ್ಯಕ್ಕೆ ಹೇಗೆ ಸಿಕ್ಕಿತು?' 'ಗೂಢಚಾರರನ್ನು ಬಿಟ್ಟು ಕದ್ದರಪ್ಪ' ಎಂದು ನಾನು ವರ್ಷಗಟ್ಟಲೆ ಉತ್ತರ ಕೊಟ್ಟಿದ್ದೇನೆ. ಮಕ್ಕಳು ನಗುತ್ತಿದ್ದರು, ನಾನು ಕಪ್ಪು ಹಲಗೆಯತ್ತ ತಿರುಗಿ ಸರಪಳಿ ಕ್ರಿಯೆಯ ಚಿತ್ರ ಬಿಡಿಸುತ್ತಿದ್ದೆ. ಆ ಉತ್ತರ ಸುಳ್ಳಲ್ಲ. ಆದರೆ ಅದು ಅರ್ಧ ಉತ್ತರ ಮಾತ್ರ ಎಂಬುದು ನನ್ನ ಮನಸ್ಸಿಗೆ ನಾಟಿದ್ದು 2019ರ ಮೇ ತಿಂಗಳಲ್ಲಿ, ಜರ್ಮನಿಯ ಪಾಟ್ಸ್‌ಡಾಮ್ ಎಂಬ ಊರಿನಲ್ಲಿ ಒಂದು ದುಂಡು ಮೇಜಿನ ಮುಂದೆ ನಿಂತಾಗ.

ಮಗಳು ಆಗ ಬರ್ಲಿನ್ನಿನಲ್ಲಿ ಓದುತ್ತಿದ್ದಳು. ಬೇಸಿಗೆ ರಜೆಯಲ್ಲಿ ನಾನೂ ನನ್ನ ಹೆಂಡತಿಯೂ ಹದಿನೈದು ದಿನಗಳ ಮಟ್ಟಿಗೆ ಅವಳಲ್ಲಿಗೆ ಹೋಗಿದ್ದೆವು. ಬ್ರಾಂಡೆನ್‌ಬರ್ಗ್ ದ್ವಾರ, ಉಳಿದಿರುವ ಗೋಡೆಯ ತುಂಡುಗಳು, ವಸ್ತುಸಂಗ್ರಹಾಲಯಗಳು ಎಲ್ಲ ಮುಗಿದ ಮೇಲೆ, 'ಒಂದು ದಿನ ನನ್ನ ಪಟ್ಟಿಯಂತೆ ಸುತ್ತೋಣ' ಎಂದೆ. 'ಅಪ್ಪನ ಪಟ್ಟಿಯಲ್ಲಿ ಪ್ರಯೋಗಶಾಲೆ ಬಿಟ್ಟು ಬೇರೇನೂ ಇರಲ್ಲ, ಬಿಡಮ್ಮ' ಎಂದು ಮಗಳು ತಾಯಿಯತ್ತ ನೋಡಿ ನಕ್ಕಳು. ಅವಳ ಮಾತು ಸುಳ್ಳಾಗಲಿಲ್ಲ.

ಮೊದಲು ಪ್ರಯೋಗಶಾಲೆ

ಬರ್ಲಿನ್ನಿನ ನೈರುತ್ಯಕ್ಕೆ ಡಾಲೆಮ್ ಎಂಬ ಬಡಾವಣೆಯಿದೆ. ಮರಗಳ ಸಾಲು, ತೋಟದ ಮನೆಗಳು, ಸೈಕಲ್ ಮೇಲೆ ಹೋಗುವ ವಿದ್ಯಾರ್ಥಿಗಳು. ಅಲ್ಲಿನ ಹಳೆಯ ಕಟ್ಟಡವೊಂದರಲ್ಲಿ 1938ರ ಡಿಸೆಂಬರಿನಲ್ಲಿ ಆಟೋ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ಯುರೇನಿಯಂಗೆ ನ್ಯೂಟ್ರಾನುಗಳನ್ನು ತಾಡಿಸಿ, ಉಳಿದದ್ದರಲ್ಲಿ ಬೇರಿಯಂ ಇರುವುದನ್ನು ಕಂಡು ದಿಗ್ಭ್ರಮೆಗೊಂಡರು. ಇವರ ಸಂಗಾತಿ ವಿಜ್ಞಾನಿ ಲೀಸ್ ಮೈಟ್ನರ್ ಯಹೂದಿ ಮೂಲದವರಾದ್ದರಿಂದ ಐದು ತಿಂಗಳ ಹಿಂದೆಯಷ್ಟೇ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಸ್ವೀಡನ್ ಸೇರಿದ್ದರು. ಹಾನ್ ಪತ್ರ ಬರೆದು ಕೇಳಿದರು. ಪರಮಾಣುವಿನ ಬೀಜವೇ ಇಬ್ಭಾಗವಾಗಿದೆ ಎಂಬ ವಿವರಣೆಯನ್ನು ಮೈಟ್ನರ್ ತಮ್ಮ ಸೋದರಿಯ ಮಗ ಆಟೋ ಫ್ರಿಶ್ ಜೊತೆಗೂಡಿ ಕೊಟ್ಟರು. ಈಗ ಆ ಕಟ್ಟಡಕ್ಕೆ ಹಾನ್ ಮತ್ತು ಮೈಟ್ನರ್ ಇಬ್ಬರ ಹೆಸರೂ ಇದೆ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಈ ಶೋಧ 1939ರ ಜನವರಿಯಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಕೆಲವೇ ವಾರಗಳಲ್ಲಿ ಅಮೆರಿಕ, ಫ್ರಾನ್ಸ್, ರಷ್ಯ ಎಲ್ಲ ಕಡೆಯ ಭೌತವಿಜ್ಞಾನಿಗಳಿಗೂ ಗೊತ್ತಾಯಿತು. ಅಂದರೆ ಬಾಂಬಿನ ಮೂಲ ಗುಟ್ಟು ಎಂದೂ ಗುಟ್ಟಾಗಿರಲೇ ಇಲ್ಲ!

ಮಾರ್ಕ್ಸ್ ಬೀದಿಯಲ್ಲಿ ಟ್ರೂಮನ್ ಮನೆ

ಡಾಲೆಮ್‌ನಿಂದ ಪಾಟ್ಸ್‌ಡಾಮ್ ಇಪ್ಪತ್ತು ಕಿಲೋಮೀಟರಿಗೂ ಕಡಿಮೆ. ಲೋಕಲ್ ರೈಲಿನಲ್ಲಿ ಹೊರಟವರು ಊರಿಗೆ ಮುಂಚೆ ಗ್ರೀಬ್ನಿಟ್ಸ್ ಸರೋವರದ ನಿಲ್ದಾಣದಲ್ಲಿ ಇಳಿದೆವು. ಸರೋವರದ ದಂಡೆಯುದ್ದಕ್ಕೂ ಶ್ರೀಮಂತರ ಹಳೆಯ ಬಂಗಲೆಗಳು. ಅವುಗಳಲ್ಲಿ ಒಂದರಲ್ಲಿ 1945ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಎರಡು ವಾರಕ್ಕೂ ಹೆಚ್ಚು ಕಾಲ ತಂಗಿದ್ದರು. ಮುಂದೆ ಈ ಊರು ಕಮ್ಯುನಿಸ್ಟ್ ಪೂರ್ವ ಜರ್ಮನಿಗೆ ಸೇರಿತಷ್ಟೆ. ಬೀದಿಗೆ ಕಾರ್ಲ್ ಮಾರ್ಕ್ಸ್ ಹೆಸರು ಬಂತು. ಇಂದಿಗೂ ಅದೇ ಹೆಸರು. ಬಂಡವಾಳಶಾಹಿ ರಾಷ್ಟ್ರದ ಅಧ್ಯಕ್ಷರಿದ್ದ ಮನೆಯ ವಿಳಾಸ ಮಾರ್ಕ್ಸ್ ಬೀದಿ!

ಜರ್ಮನಿ ಶರಣಾಗಿ ಎರಡು ತಿಂಗಳಾಗಿತ್ತು. ಗೆದ್ದವರು ಕೂತು ಮುಂದಿನದನ್ನು ತೀರ್ಮಾನಿಸಬೇಕಿತ್ತು. ಜುಲೈ 16ರ ಬೆಳಗಿನ ಜಾವ ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಮೊದಲ ಪರಮಾಣು ಬಾಂಬಿನ ಪರೀಕ್ಷೆ ನಡೆಯಿತು. ಅಂದೇ ಸಂಜೆ ಸುದ್ದಿ ಪಾಟ್ಸ್‌ಡಾಮಿಗೆ ತಲುಪಿತು. ತಂತಿಯ ಒಕ್ಕಣೆ ಹೇಗಿತ್ತೆಂದರೆ, ಯಾರೋ ರೋಗಿಗೆ ಶಸ್ತ್ರಚಿಕಿತ್ಸೆ ಆಗಿದೆ, ಫಲಿತಾಂಶ ತೃಪ್ತಿಕರವಾಗಿದೆ ಎಂಬಂತೆ. ಮರುದಿನವೇ ಸಮ್ಮೇಳನ ಆರಂಭ. ಟ್ರೂಮನ್ ಇಲ್ಲಿದ್ದಾಗಲೇ ಬಾಂಬು ಹಾಕುವ ಆದೇಶವೂ ಹೊರಟಿತು. ಆ ಮನೆಯ ಎದುರಿನ ಜಾಗಕ್ಕೆ ಈಗ ಹಿರೋಷಿಮಾ-ನಾಗಸಾಕಿ ಚೌಕವೆಂದು ಹೆಸರು. ಅಲ್ಲಿ ಕಲ್ಲಿನ ಒಂದು ಸ್ಮಾರಕವಿದೆ. ನನ್ನ ಹೆಂಡತಿ ಅದರ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಳು.

ತಲೆಯಿಲ್ಲದ ಮೇಜು

ಮತ್ತೆ ರೈಲು, ಆಮೇಲೆ ಬಸ್ಸು, ಕೊನೆಗೆ ಉದ್ಯಾನದೊಳಗೆ ನಡಿಗೆ. ಸೆಸಿಲಿಯನ್‌ಹಾಫ್ ಅರಮನೆ ನಮ್ಮ ಮೈಸೂರು ಅರಮನೆಯಂತೆ ಕಣ್ಣು ಕುಕ್ಕುವುದಿಲ್ಲ. ಇಂಗ್ಲೆಂಡಿನ ಹಳ್ಳಿಗಾಡಿನ ದೊಡ್ಡಮನೆಯ ಮಾದರಿಯಲ್ಲಿ ಜರ್ಮನ್ ಯುವರಾಜನಿಗಾಗಿ ಕಟ್ಟಿಸಿದ್ದು, 1917ರಲ್ಲಿ ಮುಗಿಯಿತು. 176 ಕೋಣೆಗಳು. ಅಂಗಳದಲ್ಲಿ ಕೆಂಪು ಹೂಗಳ ದೊಡ್ಡ ನಕ್ಷತ್ರ. ಸಮ್ಮೇಳನದ ವೇಳೆ ಸೋವಿಯತ್ ಸೈನಿಕರು ನೆಟ್ಟ ಆ ನಕ್ಷತ್ರವನ್ನು ಇನ್ನೂ ಹಾಗೆಯೇ ಕಾಪಾಡಿಕೊಂಡು ಬಂದಿದ್ದಾರೆ. ಅತಿಥೇಯರು ಯಾರು ಎಂಬುದನ್ನು ಬಾಗಿಲಲ್ಲೇ ತಿಳಿಸಿದ ಹಾಗೆ!

ಒಳಗಿನ ದೊಡ್ಡ ಹಜಾರದಲ್ಲಿದೆ ಆ ಮೇಜು. ಸುಮಾರು ಮೂರು ಮೀಟರ್ ವ್ಯಾಸ, ಕೆಂಪು ಹೊದಿಕೆ, ನಡುವೆ ಮೂರು ದೇಶಗಳ ಪುಟ್ಟ ಬಾವುಟಗಳು. ಮಾಸ್ಕೋದ ಕಾರ್ಖಾನೆಯಲ್ಲಿ ಮಾಡಿಸಿ ತರಿಸಿದ್ದು. ದುಂಡಗಿನ ಮೇಜಿಗೆ ತಲೆಯ ಕಡೆ, ಕಾಲಿನ ಕಡೆ ಎಂಬುದಿಲ್ಲ. ಯಾರೂ ಮೇಲಲ್ಲ, ಕೆಳಗಲ್ಲ. ಒಂದು ಕಡೆ ಸ್ಟಾಲಿನ್, ಇನ್ನೊಂದು ಕಡೆ ಟ್ರೂಮನ್, ಮತ್ತೊಂದು ಕಡೆ ಬ್ರಿಟನ್ನಿನ ಚರ್ಚಿಲ್. ನಡುವೆ ಚುನಾವಣೆಯ ಫಲಿತಾಂಶ ಬಂದು ಚರ್ಚಿಲ್ ಸೋತರು. ಅವರ ಕುರ್ಚಿಯಲ್ಲಿ ಆಟ್ಲಿ ಬಂದು ಕುಳಿತರು.

ಇವರ ನಡುವಿನ ಸಂಶಯ ಅಂದು ಹುಟ್ಟಿದ್ದಲ್ಲ. 1917ರ ಕ್ರಾಂತಿಯಿಂದಲೇ ಇತ್ತು. ಯುದ್ಧದಲ್ಲಿ ಸುಮಾರು 2 ಕೋಟಿ 70 ಲಕ್ಷ ಜನರನ್ನು ಕಳೆದುಕೊಂಡ ಸೋವಿಯತ್ ದೇಶಕ್ಕೆ, ಪಶ್ಚಿಮದ ಮಿತ್ರರು ಫ್ರಾನ್ಸಿನಲ್ಲಿ ಎರಡನೆಯ ರಣರಂಗ ತೆರೆಯಲು 1944ರ ಜೂನ್‌ವರೆಗೆ ತಡಮಾಡಿದರೆಂಬ ಸಿಟ್ಟು. ಪೋಲೆಂಡ್ ಮೊದಲಾದ ದೇಶಗಳಲ್ಲಿ ಸ್ಟಾಲಿನ್ ತನ್ನವರನ್ನೇ ಗದ್ದುಗೆಯಲ್ಲಿ ಕೂರಿಸುತ್ತಿದ್ದಾನೆ, ಮಾತು ಕೊಟ್ಟಂತೆ ಮುಕ್ತ ಚುನಾವಣೆ ನಡೆಸುತ್ತಿಲ್ಲ ಎಂದು ಅಮೆರಿಕ, ಬ್ರಿಟನ್‌ಗಳ ಸಿಟ್ಟು. ಎರಡೂ ಸಿಟ್ಟುಗಳಿಗೆ ಕಾರಣವಿತ್ತು. ಯುದ್ಧ ಪರಿಹಾರವನ್ನು ಮುಖ್ಯವಾಗಿ ಅವರವರ ವಶದ ಜರ್ಮನ್ ವಲಯದಿಂದಲೇ ಅವರವರು ತೆಗೆದುಕೊಳ್ಳುವುದು ಎಂದು ಈ ಮೇಜಿನ ಮೇಲೆ ಒಪ್ಪಂದವಾಯಿತು. ಅಣ್ಣತಮ್ಮಂದಿರು ಮನೆ ಪಾಲಾಗುವ ಮುಂಚೆಯೇ ಒಲೆ ಬೇರೆ ಮಾಡಿಕೊಂಡಂತೆ.

ಜುಲೈ 24ರ ಸಂಜೆ ಸಭೆ ಮುಗಿದ ಮೇಲೆ ಟ್ರೂಮನ್ ತಮ್ಮ ದುಭಾಷಿಯನ್ನು ಬಿಟ್ಟು ಒಬ್ಬರೇ ಸ್ಟಾಲಿನ್ ಬಳಿಗೆ ನಡೆದರು. ಅಸಾಧಾರಣ ಶಕ್ತಿಯ ಹೊಸ ಆಯುಧವೊಂದು ನಮ್ಮಲ್ಲಿದೆ ಎಂದು ಮಾತಿನ ಮಧ್ಯೆ ಬಂದ ವಿಷಯದಂತೆ ಹೇಳಿದರು. ಪರಮಾಣು ಎಂಬ ಶಬ್ದವನ್ನು ಎತ್ತಲಿಲ್ಲ. ಜಪಾನಿನ ಮೇಲೆ ಅದನ್ನು ಚೆನ್ನಾಗಿ ಬಳಸುತ್ತೀರೆಂದು ನಂಬುತ್ತೇನೆ ಎಂಬರ್ಥದ ಮಾತನ್ನಷ್ಟೇ ಹೇಳಿ ಸ್ಟಾಲಿನ್ ಸುಮ್ಮನಾದರು. ದೂರದಿಂದ ನೋಡುತ್ತಿದ್ದ ಚರ್ಚಿಲ್, ಇವರಿಗೆ ವಿಷಯವೇ ತಿಳಿದಿಲ್ಲವೆಂದುಕೊಂಡರು. ನಿಜವಾಗಿ ಸ್ಟಾಲಿನ್‌ಗೆ ಎಲ್ಲ ಗೊತ್ತಿತ್ತು. ಅಮೆರಿಕದ ಬಾಂಬು ಯೋಜನೆಯೊಳಗಿದ್ದ ಕ್ಲಾಸ್ ಫುಕ್ಸ್ ಎಂಬ ಭೌತವಿಜ್ಞಾನಿ ವಿವರಗಳನ್ನು ಸೋವಿಯತ್ತಿಗೆ ಕಳಿಸುತ್ತಿದ್ದರು. ಒಬ್ಬರು ಅರ್ಧ ಹೇಳಿದರು; ಇನ್ನೊಬ್ಬರು ಏನೂ ತಿಳಿಯದವರಂತೆ ಕೇಳಿದರು.

ಮೌನ ಹೇಳಿದ ಸುದ್ದಿ

ಆ ಹಜಾರದಲ್ಲಿ ನಿಂತಾಗ ನನಗೆ ನೆನಪಾದದ್ದು ಇನ್ನೊಬ್ಬ ವಿಜ್ಞಾನಿ, ಗಿಯೋರ್ಗಿ ಫ್ಲೆರೋವ್. 1942ರಲ್ಲಿ ಸೋವಿಯತ್ ವಾಯುಪಡೆಯಲ್ಲಿದ್ದ ಈ ತರುಣ ಗ್ರಂಥಾಲಯವೊಂದರಲ್ಲಿ ವಿದೇಶಿ ವಿಜ್ಞಾನ ಪತ್ರಿಕೆಗಳನ್ನು ತಿರುವಿಹಾಕಿದ. ಯುರೇನಿಯಂ ವಿದಳನದ ಬಗ್ಗೆ ಒಂದು ಸಾಲೂ ಇಲ್ಲ. ಆ ವಿಷಯದಲ್ಲಿ ಬರೆಯುತ್ತಿದ್ದ ದೊಡ್ಡ ದೊಡ್ಡವರೆಲ್ಲ ಒಮ್ಮೆಗೇ ಮೌನ. ಹಾಗಾದರೆ ಅಲ್ಲಿ ಬಾಂಬಿನ ಕೆಲಸ ನಡೆಯುತ್ತಿರಲೇಬೇಕು ಎಂದು ಊಹಿಸಿ ಸ್ಟಾಲಿನ್‌ಗೆ ಪತ್ರ ಬರೆದ. ಗುಟ್ಟು ಮುಚ್ಚಿಟ್ಟದ್ದೇ ಗುಟ್ಟನ್ನು ಬಯಲು ಮಾಡಿತ್ತು.

ಇದನ್ನು ಮುಂದಾಗಿ ಕಂಡವರು ನೀಲ್ಸ್ ಬೋರ್. ಪರಮಾಣುವಿನ ಮಾದರಿಯ ಪಾಠದಲ್ಲಿ ಬರುವ ಅದೇ ಬೋರ್. ಬಾಂಬು ಸಿದ್ಧವಾಗುವ ಮುಂಚೆಯೇ ಸೋವಿಯತ್ತಿಗೆ ವಿಷಯ ತಿಳಿಸಿ, ಅಂತರರಾಷ್ಟ್ರೀಯ ಹತೋಟಿಯ ಮಾತು ಶುರುಮಾಡಿ. ಇಲ್ಲದಿದ್ದರೆ ಪೈಪೋಟಿ ತಪ್ಪದು ಎಂದು ಅವರು 1944ರಲ್ಲಿ ಚರ್ಚಿಲ್ ಮತ್ತು ರೂಸ್‌ವೆಲ್ಟ್ ಇಬ್ಬರನ್ನೂ ಕಂಡು ವಿನಂತಿಸಿದರು. ಆ ನಾಯಕರಿಬ್ಬರೂ ಸೇರಿ ಸಲಹೆಯನ್ನು ತಳ್ಳಿಹಾಕಿದ್ದಲ್ಲದೆ, ಬೋರ್ ಮೇಲೆಯೇ ಕಣ್ಣಿಡಬೇಕೆಂದು ತೀರ್ಮಾನಿಸಿದರು! 1945ರ ಮಾರ್ಚ್ 15ರಂದು ಬರ್ಲಿನ್ನಿನ ಉತ್ತರಕ್ಕಿರುವ ಓರಾನಿಯನ್‌ಬುರ್ಗ್‌ನ ಯುರೇನಿಯಂ ಕಾರ್ಖಾನೆಯನ್ನು ಅಮೆರಿಕದ ವಿಮಾನಗಳು ನೆಲಸಮ ಮಾಡಿದವು. ಸೋಲುತ್ತಿದ್ದ ಜರ್ಮನರಿಗಿಂತ ಹೆಚ್ಚಾಗಿ, ಅದು ಮಿತ್ರರಾಗಿದ್ದ ರಷ್ಯನ್ನರ ಕೈಗೆ ಸಿಗಬಾರದೆಂಬುದು ಉದ್ದೇಶ.

ಬೋರ್ ಮಾತು ಕೇಳಿದ್ದರೆ ಶೀತಲ ಸಮರ ತಪ್ಪುತ್ತಿತ್ತೇ? ಸ್ಟಾಲಿನ್‌ನಂಥವರು ಒಪ್ಪುತ್ತಿದ್ದರೆಂದು ಖಂಡಿತವಾಗಿ ಹೇಳಲು ಬಾರದು. ಆದರೆ ಗುಟ್ಟು ಮಾಡಿ ಗಳಿಸಿದ್ದೇನು ಎಂಬ ಲೆಕ್ಕ ಸುಲಭ. 1949ರ ಆಗಸ್ಟ್ 29ರಂದು ಸೋವಿಯತ್ ಬಾಂಬು ಸಿಡಿಯಿತು. ಪಾಟ್ಸ್‌ಡಾಮಿನ ಆ ಸಂಜೆಯಿಂದ ನಾಲ್ಕು ವರ್ಷ, ಒಂದು ತಿಂಗಳು. ಗೂಢಚಾರಿಕೆಯಿಂದ ಅವರಿಗೆ ಒಂದೆರಡು ವರ್ಷ ಉಳಿದಿರಬಹುದೆಂಬುದು ಅನೇಕ ಇತಿಹಾಸಕಾರರ ಅಂದಾಜು. ಕದಿಯದಿದ್ದರೂ ಅವರ ವಿಜ್ಞಾನಿಗಳು ಅಲ್ಲಿಗೆ ತಲುಪುತ್ತಿದ್ದರು. ನಿಸರ್ಗದ ನಿಯಮ ಯಾವ ದೇಶದ ಸ್ವತ್ತೂ ಅಲ್ಲವಲ್ಲ.

ಏಕತೆಯ ಸೇತುವೆ

ಅರಮನೆಯಿಂದ ಸರೋವರದ ದಂಡೆಗುಂಟ ಅರ್ಧ ಗಂಟೆ ನಡೆದರೆ ಗ್ಲೀನಿಕೆ ಸೇತುವೆ. ಪಾಟ್ಸ್‌ಡಾಮಿನ ನಂತರದ ಘಟನೆಗಳು ಒಂದರ ಹಿಂದೆ ಒಂದು ಬಂದವು. 1946ರ ಮಾರ್ಚಿನಲ್ಲಿ ಚರ್ಚಿಲ್ ಯೂರೋಪಿನ ನಡುವೆ ಕಬ್ಬಿಣದ ಪರದೆ ಇಳಿದಿದೆ ಎಂದರು. 1947ರಲ್ಲಿ ಕಮ್ಯುನಿಸಂ ತಡೆಯುವ ಟ್ರೂಮನ್ ನೀತಿ, ಆಮೇಲೆ ಮಾರ್ಷಲ್ ನೆರವು. 1948ರ ಜೂನ್ 24ರಂದು ಸ್ಟಾಲಿನ್ ಪಶ್ಚಿಮ ಬರ್ಲಿನ್ನಿಗೆ ಹೋಗುವ ರಸ್ತೆ, ರೈಲು ಬಂದ್ ಮಾಡಿಸಿದರು. ಹನ್ನೊಂದು ತಿಂಗಳ ಕಾಲ ಹಿಟ್ಟು, ಕಲ್ಲಿದ್ದಲು ಎಲ್ಲವೂ ವಿಮಾನದಲ್ಲೇ ಬಂತು. 1949ರಲ್ಲಿ ಎರಡು ಜರ್ಮನಿಗಳಾದವು. 1961ರಲ್ಲಿ ಗೋಡೆ ಎದ್ದಿತು. ಅದು ಇದೇ ಅರಮನೆಗೂ ಸರೋವರಕ್ಕೂ ನಡುವೆಯೇ ಹಾದುಹೋಗಿತ್ತು.

ಸೇತುವೆಯ ನಟ್ಟನಡುವೆ ಗಡಿ. ಪೂರ್ವ ಜರ್ಮನಿಯವರು ಇದಕ್ಕೆ ಇಟ್ಟಿದ್ದ ಹೆಸರು 'ಏಕತೆಯ ಸೇತುವೆ'! 1962ರ ಫೆಬ್ರುವರಿ 10ರಂದು ಇಲ್ಲಿಯೇ ಅಮೆರಿಕದ ಪೈಲಟ್ ಪವರ್ಸ್ ಮತ್ತು ಸೋವಿಯತ್ ಗೂಢಚಾರ ಏಬೆಲ್ ಅವರನ್ನು ಅದಲು ಬದಲು ಮಾಡಿಕೊಂಡರು. ಈಗ ಅದರ ಮೇಲೆ ಟ್ರಾಫಿಕ್ಕು, ಸೈಕಲ್ಲು. ಎರಡು ಬದಿಯ ಹಸಿರು ಬಣ್ಣದಲ್ಲಿ ಮಾತ್ರ ತುಸು ವ್ಯತ್ಯಾಸ. ಗಡಿ ಎಲ್ಲಿತ್ತೆಂದು ಹುಡುಕಿ ನೋಡಬೇಕು.

ಅಲ್ಲಿಯೇ ಕಟ್ಟೆಗೆ ಒರಗಿ ಮಗಳಿಗೆ ನನ್ನ ಬಾಲ್ಯದ ಕಥೆ ಹೇಳಿದೆ. ಶಾಲೆಯಲ್ಲಿ ಮಧ್ಯಾಹ್ನ ನಾವು ತಿನ್ನುತ್ತಿದ್ದದ್ದು ಅಮೆರಿಕದಿಂದ ಬಂದ ಗೋಧಿಯ ಉಪ್ಪಿಟ್ಟು. ಹೈಸ್ಕೂಲಿಗೆ ಬಂದ ಮೇಲೆ ವಿಜ್ಞಾನದ ಹುಚ್ಚು ಹಿಡಿಸಿದ್ದು ಪುಸ್ತಕದ ವ್ಯಾನಿನಲ್ಲಿ ಎರಡು ಮೂರು ರೂಪಾಯಿಗೆ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳು. 'ಹಾಗಾದ್ರೆ ಇಬ್ಬರ ಜಗಳದಲ್ಲಿ ಅಪ್ಪನಿಗೆ ಲಾಭ' ಎಂದಳು. ನಗು ಬಂತು. ಆದರೆ ಅದೇ ಜಗಳದಲ್ಲಿ 1986ರ ಹೊತ್ತಿಗೆ ಭೂಮಿಯ ಮೇಲೆ ಸುಮಾರು 70 ಸಾವಿರ ಪರಮಾಣು ಸಿಡಿತಲೆಗಳು ಕೂಡಿದ್ದವು. ಡಾಲೆಮ್‌ನ ಆ ಕಟ್ಟಡದಲ್ಲಿ ಕಂಡದ್ದು ಒಂದು ಚಿಟಿಕೆ ಬೇರಿಯಂಗಿಂತಲೂ ಎಷ್ಟೋ ಕಡಿಮೆ.

(ಅರಮನೆಯ ಒಳಭಾಗ 2024ರ ಕೊನೆಯಲ್ಲಿ ದುರಸ್ತಿಗಾಗಿ ಮುಚ್ಚಿತು. ಹೋಗುವವರು ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.)

ಜೂನ್‌ನಲ್ಲಿ ಶಾಲೆ ಶುರುವಾಯಿತು. ಪಾಠ ಬಂತು, ಪ್ರಶ್ನೆಯೂ ಬಂತು. ಈ ಸಲ ಹುಡುಗನನ್ನು ಗೋಡೆಯ ಮೇಲಿನ ಆವರ್ತ ಕೋಷ್ಟಕದ ಬಳಿಗೆ ಕರೆದು 109 ಮತ್ತು 114ನೆಯ ಧಾತುಗಳನ್ನು ಓದಿಸಿದೆ. ಮೈಟ್ನೇರಿಯಂ, ಫ್ಲೆರೋವಿಯಂ. ಒಂದು ಮೈಟ್ನರ್ ಹೆಸರಿನದು, ಇನ್ನೊಂದು ಫ್ಲೆರೋವ್ ಹೆಸರಿನ ಪ್ರಯೋಗಶಾಲೆಯದು. 'ಸ್ವಲ್ಪ ಕದ್ದರು ಕಣೋ. ಆದರೆ ಕದಿಯದಿದ್ದರೂ ಅವರಿಗೆ ಗೊತ್ತಾಗುತ್ತಿತ್ತು. ಯಾಕೆ ಅಂತ ಹೇಳ್ತೀನಿ, ಕೂತ್ಕೊ' ಎಂದೆ. ಅಂದಿನ ಪೀರಿಯಡ್ಡು ಸಾಲದೆ ಮರುದಿನವೂ ಪಾಠ ಮುಂದುವರಿಯಿತು.